ನೂರ ಅರವತ್ತು ಪೌಂಡು

ಮೂರ್, ಮೊಂಟಾನಾ
೮ ಅಕ್ಟೋಬರ್ ೨೦೨೨, ಶನಿವಾರ

ಪ್ರೀತಿಯ ಗಾರೆಟ್,

ನಿನ್ನ ಎಡಭುಜ ಈಗ ಹೇಗಿದೆ? ಏಡಿಯ ಬುಟ್ಟಿಗಳನ್ನು ಎತ್ತಿ ಎತ್ತಿ ಭುಜ ಹಿಡಿದುಕೊಂಡಿದೆ ಎಂದು ಕಳೆದ ಕ್ರಿಸ್‌ಮಸ್‌ನಲ್ಲಿ ಫೋನು ಮಾಡಿದಾಗ ಅಮ್ಮನಿಗೆ ಹೇಳಿದ್ದೆಯಂತೆ. ಅದಾಗಿ ಹತ್ತು ತಿಂಗಳಾಯಿತು. ಆ ನಂಬರಿಗೆ ಈಗ ಯಾರೋ ಹೆಂಗಸು ಉತ್ತರಿಸುತ್ತಾಳೆ, ಅವಳಿಗೆ ನಿನ್ನ ಹೆಸರು ಗೊತ್ತಿಲ್ಲ. ನಿನ್ನ ಊರು ಕೂಸ್ ಬೇಯ ಅಂಚೆಪೆಟ್ಟಿಗೆಗೆ ಅಮ್ಮ ಬರೆದ ಪತ್ರಗಳು ಯಾವುವೂ ಹಿಂದಿರುಗಿ ಬಂದಿಲ್ಲ. ಹಾಗಾದರೆ ಪೆಟ್ಟಿಗೆ ಇನ್ನೂ ನಿನ್ನ ಹೆಸರಿನಲ್ಲೇ ಇದೆ ಎಂದು ಅವಳು ಸಮಾಧಾನ ತಂದುಕೊಂಡಿದ್ದಾಳೆ. ಅಲ್ಲಿನ ಪೊಲೀಸರು, ಇಪ್ಪತ್ತನಾಲ್ಕು ವರ್ಷದ ಗಂಡಸು ಮನೆಗೆ ಫೋನು ಮಾಡದಿರುವುದು ಅಪರಾಧವಲ್ಲ ಎಂದರು. ಅದು ನಿಜ. ನಾನು ನಿನಗೆ ಪತ್ರ ಬರೆಯುತ್ತಿರುವುದು ಆರು ವರ್ಷಗಳಲ್ಲಿ ಇದೇ ಮೊದಲು, ಅದೂ ಅಪರಾಧವಲ್ಲ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನ ಮಂಡಿ ಮಾತ್ರ ಹವಾಮಾನ ಹೇಳುತ್ತದೆ.

ಸುದ್ದಿಯೆಂದರೆ, ನಾವು ನಿನ್ನ ಊರಿಗೆ ಬರುತ್ತಿದ್ದೇವೆ. ಗಾಬರಿಯಾಗಬೇಡ. ನಿನ್ನ ಮನೆಯ ಒಳಗೆ ಬರುವುದಿಲ್ಲ, ಊಟಕ್ಕೆ ಕೂರುವುದಿಲ್ಲ. ನಮ್ಮ ಮನೆಯನ್ನು ನಾವೇ ಬೆನ್ನ ಮೇಲೆ ಹೊತ್ತು ತಂದು, ಸಮುದ್ರದ ಕಡೆ ಎಲ್ಲಾದರೂ ನಿಲ್ಲಿಸಿಕೊಂಡಿರುತ್ತೇವೆ. ನಿನಗೆ ಮನಸ್ಸಾದರೆ ಬಂದು ಬಾಗಿಲು ತಟ್ಟು. ಇದಕ್ಕೆಂದೇ ನಮ್ಮ ಪಿಕಪ್ಪಿನ ಮೇಲೆ ಕೂರಿಸಲು ಒಂದು ಹಳೆಯ ಕ್ಯಾಂಪರ್, ಒಲೆ ಹಾಸಿಗೆ ಎಲ್ಲ ಇರುವ ಪೆಟ್ಟಿಗೆಮನೆ, ಕೊಂಡಿದ್ದೇನೆ. ಇಪ್ಪತ್ತನೇ ತಾರೀಖು ಹೊರಡುವುದು. ಅದಕ್ಕಿಂತ ತಡವಾದರೆ ದಾರಿಯ ಲೋಲೋ ಘಾಟಿಯಲ್ಲಿ ಹಿಮ ಬೀಳುತ್ತದೆ.

ನಮ್ಮ ಪಿಕಪ್ಪಿನ ಬಾಗಿಲ ಸಂದಿಯಲ್ಲಿರುವ ಹಳದಿ ಚೀಟಿ ನಿನಗೆ ನೆನಪಿರಬಹುದು. ಜನ ಮತ್ತು ಸಾಮಾನು ಸೇರಿ ಮೂರು ಸಾವಿರದ ಇಪ್ಪತ್ತು ಪೌಂಡು ಮೀರಬಾರದು ಎಂದು ಅದರಲ್ಲಿದೆ. ಹಳೆಯ ಕ್ಯಾಂಪರ್ ಕೊಳ್ಳುವವರು ಮಾಡುವ ತಪ್ಪು ಒಂದೇ. ಕ್ಯಾಂಪರಿನ ತಗಡಿನ ಮೇಲೆ ಬರೆದ ತೂಕವನ್ನು ನಂಬುತ್ತಾರೆ, ಚೀಟಿಯಲ್ಲಿರುವ ‘ಜನ’ ಎಂಬ ಪದವನ್ನು ಹಾರಿಸಿ ಓದುತ್ತಾರೆ. ಆಮೇಲೆ ಯಾವುದೋ ಇಳಿಜಾರಿನಲ್ಲಿ ಬ್ರೇಕು ಕಾಯ್ದು ವಾಸನೆ ಬಂದಾಗ ಮನೆಯವರನ್ನೆಲ್ಲ ನೆನೆಯುತ್ತಾರೆ. ನಾನು ಅಂಥವನಲ್ಲ ಎಂಬುದು ನಿನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಅಮ್ಮನ ತೂಕ ಕೇಳಿದಾಗ ಅವಳು, “ಅಯ್ಯೋ ಪುಣ್ಯಾತ್ಮ, ಮೂವತ್ತು ವರ್ಷ ಆದ್ಮೇಲೆ ಈಗ ನನ್ನ ತೂಗ್ತೀಯಾ? ನೂರ ನಲವತ್ತು ಅಂತ ಬರ್ಕೋ, ಇನ್ನೊಂದು ಮಾತು ಆಡ್ಬೇಡ” ಎಂದಳು. ಬರೆದುಕೊಂಡೆ.

ಕ್ಯಾಂಪರ್ ಮಾರಿದಾಕೆ ಅಲ್ವೀನಾ ಕ್ರಾಲ್ ಎಂಬ ಎಪ್ಪತ್ತರ ಮುದುಕಿ. ವಿನಿಫ್ರೆಡ್ ಊರಿನ ಆಚೆ ಒಬ್ಬಳೇ ಇರುತ್ತಾಳೆ, ಗಂಡ ಎಮಿಲ್ ಹೋಗಿ ಎರಡು ವರ್ಷ. ನಾನು ಸ್ಕ್ರೂಡ್ರೈವರ್ ಹಿಡಿದು ಮೂಲೆಮೂಲೆ ಚುಚ್ಚಿ ನೋಡಿದೆ. ಇಪ್ಪತ್ತಾರು ವರ್ಷದ ಕ್ಯಾಂಪರ್ ಎಂದರೆ ಗೋಡೆಯ ಪ್ಲೈವುಡ್ ನೀರು ಕುಡಿದು ಬಿಸ್ಕತ್ತಿನಂತಾಗಿರಬೇಕು. ಇದು ಎಲ್ಲ ಕಡೆ ಒಣಗಿ ಗಟ್ಟಿಯಾಗಿತ್ತು. ತಗಡಿನ ಮೇಲಿದ್ದ ತೂಕವನ್ನು ನಾನು ಓದುತ್ತಿದ್ದಾಗ ಆಕೆ, “ಅದು ಹುಟ್ಟಿದ ದಿನದ ತೂಕ ನೋಡಪ್ಪ. ನೀನು ಈಗ್ಲೂ ಹುಟ್ಟಿದಾಗ ಇದ್ದಷ್ಟೇ ಇದೀಯಾ? ಹೊಟ್ಟೆ ನೋಡಿದ್ರೆ ಹಾಗನ್ಸಲ್ಲ. ಸರಿಯಾದ್ದು ಒಳಗಿದೆ” ಎಂದು ಬಟ್ಟೆಯ ಕಪಾಟಿನ ಬಾಗಿಲು ತೆರೆದಳು.

ಬಾಗಿಲಿನ ಒಳಮೈ ತುಂಬ ಪೆನ್ಸಿಲ್ ಬರಹ. ಪ್ರತಿ ಜೂನ್‌ನಲ್ಲಿ ಎಮಿಲ್ ಎಲ್ಲವನ್ನೂ ಹೇರಿಕೊಂಡು ಗಾಡಿ ತೂಗುವ ವೇಬ್ರಿಡ್ಜ್ ಹತ್ತಿಸಿ ಬರೆದಿಟ್ಟ ಪಟ್ಟಿ. ಪಿಕಪ್ಪು, ಕ್ಯಾಂಪರ್, ನೀರು, ಗ್ಯಾಸು, ತಾನು, ಅಲ್ವೀನಾ, ನಾಯಿ. ಕಡೆಯಲ್ಲಿ ಹೆಸರಿಲ್ಲದ ಒಂದು ಸಾಲು, ಬರೀ ಅಡ್ಡಗೀಟು, ಅದರ ಮುಂದೆ ಒಂದು ಸಂಖ್ಯೆ. ಕೂಡಿದ ಮೊತ್ತಕ್ಕಿಂತ ವೇಬ್ರಿಡ್ಜ್ ಎಷ್ಟು ಹೆಚ್ಚು ತೋರಿಸಿತೋ ಅಷ್ಟು. ೧೯೯೬ರಲ್ಲಿ ಇಪ್ಪತ್ತು. ಮರುವರ್ಷವೂ ಇಪ್ಪತ್ತು. ಆಮೇಲೆ ನಲವತ್ತು, ನಲವತ್ತು, ನಲವತ್ತು, ಅರವತ್ತು. ಹದಿಮೂರನೇ ವರ್ಷದ ಹೊತ್ತಿಗೆ ನೂರು. ಹದಿನೇಳನೇ ವರ್ಷಕ್ಕೆ ನೂರ ಅರವತ್ತು. ನಾನು ಬಗ್ಗಿ ಓದುತ್ತಿದ್ದೆ. ಆಕೆ ಒಲೆಯ ಪಕ್ಕದ ಬೆಂಚನ್ನು ಒರೆಸುತ್ತಿದ್ದಳು. ಒರೆಸುತ್ತಲೇ ತಾನಾಗಿ ಹೇಳಿದಳು. “ತೊಂಬತ್ತಾರರ ಜನವರೀಲಿ ನಮಗೊಂದು ಗಂಡು ಹುಟ್ಟಿತ್ತು. ಎರಡು ದಿನ ಇತ್ತು. ನಂಗೆ ಆಗ ನಲವತ್ತಮೂರು. ಎಮಿಲ್ ಆಮೇಲೆ ಅದರ ಮಾತೇ ಎತ್ತಲಿಲ್ಲ. ಜೂನಲ್ಲಿ ಕ್ಯಾಂಪರ್ ತಂದ್ರು, ಲೆಕ್ಕ ಕೂಡಲಿಲ್ಲ. ಕಾರಣ ಗೊತ್ತಿಲ್ದಿದ್ರೂ ತೂಕ ತೂಕವೇ ಕಣೇ, ಅದಕ್ಕೊಂದು ಸಾಲು ಬಿಡ್ಬೇಕು ಅಂದ್ರು. ಪ್ರತಿ ವರ್ಷ ಅದಕ್ಕೆ ತಕ್ಕ ಹಾಗೆ ಸಾಮಾನು ಇಳಿಸ್ತಾ ಬಂದ್ರು. ಮೊದಲು ಬಂದೂಕಿನ ಪೆಟ್ಟಿಗೆ ಹೋಯ್ತು, ಆಮೇಲೆ ನನ್ನ ಕಬ್ಬಿಣದ ಬಾಣಲೆ.”

೨೦೧೪ರ ಜೂನ್‌ನಲ್ಲಿ ಆ ಅಡ್ಡಗೀಟಿನ ಮುಂದೆ ಸೊನ್ನೆ. ನೂರ ಅರವತ್ತು ಪೌಂಡು ಒಂದು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಆಕೆ ನಕ್ಕಳು. “ಹದಿನೆಂಟು ಆಯ್ತಲ್ಲಪ್ಪ. ಹದಿನೆಂಟಾದ್ಮೇಲೆ ಯಾವ ಹುಡುಗ ಅಪ್ಪ-ಅಮ್ಮನ ಜೊತೆ ಕ್ಯಾಂಪಿಂಗ್ ಬರ್ತಾನೆ? ಎಮಿಲ್ ಅವತ್ತು ಮೂರು ಊರಿನ ವೇಬ್ರಿಡ್ಜ್ ಹತ್ತಿಸಿದ್ರು. ಎಲ್ಲ ಕಡೆ ಸೊನ್ನೆ. ಪ್ರತಿ ವರ್ಷ ಹೋಗೋ ಕೆರೆಗೂ ಹೋಗ್ದೆ ಮನೆಗೆ ವಾಪಸ್ ಬಂದ್ವಿ.” ಆಮೇಲೆ ನನಗೆ ಮಕ್ಕಳೆಷ್ಟು ಎಂದು ಕೇಳಿದಳು. ಒಬ್ಬ, ಒರೆಗಾನ್‌ನಲ್ಲಿದ್ದಾನೆ ಎಂದೆ. ‘ಇದ್ದಾನೆ’ ಎಂಬುದನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದೆ ಎಂದು ನನಗೇ ಕೇಳಿಸಿತು.

ಎಮಿಲ್‌ನ ಕಡೆಯ ಪಟ್ಟಿಯ ಪ್ರಕಾರ ಕ್ಯಾಂಪರ್ ಎರಡು ಸಾವಿರದ ನಾನ್ನೂರ ಅರವತ್ತು. ಚೀಟಿಯ ಲೆಕ್ಕದಲ್ಲಿ ನಮಗೆ ಉಳಿಯುವುದು ಐನೂರ ಅರವತ್ತು. ನಾನು ನೂರ ತೊಂಬತ್ತು, ಅಮ್ಮ ಅವಳೇ ಹೇಳಿದಷ್ಟು. ಮಿಕ್ಕಿದ್ದು ಇನ್ನೂರ ಮೂವತ್ತು. ತೊಟ್ಟಿ ತುಂಬ ನೀರು ಹಾಕಿದರೂ ಬಟ್ಟೆಬರೆಗೆ ಜಾಗವಿತ್ತು. ಬೆನ್ನಿಗೆ ತಕ್ಕ ಹೊರೆ ಎಂದು ಸಂತೋಷವಾಯಿತು. ಕ್ಯಾಂಪರನ್ನು ಜಾಕುಗಳಿಂದ ಪಿಕಪ್ಪಿನ ಮೇಲೆ ಇಳಿಸಿ, ಸರಪಳಿ ಬಿಗಿದು, ನೇರವಾಗಿ ನಮ್ಮೂರಿನ ಗೋಧಿ ಗೋದಾಮಿನ ವೇಬ್ರಿಡ್ಜ್‌ಗೆ ಬಂದೆ. ಬೆಳಿಗ್ಗೆಯಷ್ಟೇ ಬರೀ ಪಿಕಪ್ಪನ್ನು, ಪೆಟ್ರೋಲು ತುಂಬಿ, ನಾನು ಒಳಗೆ ಕೂತು ತೂಗಿಸಿ ಹೋಗಿದ್ದೆ. ಡೆಲ್ಬರ್ಟ್ ಇನ್ನೂ ಅಲ್ಲೇ ಇದ್ದಾನೆ, ಅದೇ ಕಿಟಕಿ, ಅದೇ ಟೋಪಿ. ನೀನು ಕುಸ್ತಿಗೆಂದು ಬೆವರಿ ತೂಕ ಇಳಿಸಲು ಪ್ಲಾಸ್ಟಿಕ್ ಅಂಗಿ ತೊಟ್ಟು ಗೋದಾಮಿನ ಸುತ್ತ ಓಡುತ್ತಿದ್ದಾಗ ಕಿಟಕಿಯಿಂದ ತಲೆ ಹೊರಹಾಕಿ, “ಏನಯ್ಯಾ ಆರ್ಲೋ, ಮಗನ್ನ ಸಾಕ್ತಿದೀಯೋ ಒಣಗಿಸ್ತಿದೀಯೋ?” ಎಂದು ನನ್ನನ್ನು ಕೇಳುತ್ತಿದ್ದನಲ್ಲ, ಅವನೇ.

ವೇಬ್ರಿಡ್ಜ್ ಲೆಕ್ಕಕ್ಕಿಂತ ನೂರ ಅರವತ್ತು ಹೆಚ್ಚು ತೋರಿಸಿತು.

ಇಳಿಸಿ ಮತ್ತೆ ಹತ್ತಿಸಿದೆವು. ಕ್ಯಾಂಪರಿನ ಪ್ರತಿಯೊಂದು ಕಪಾಟನ್ನೂ ಡೆಲ್ಬರ್ಟನೇ ಬಂದು ತೆರೆದ. ಒಂದು ಬೆಂಕಿಪೊಟ್ಟಣ ಸಿಕ್ಕಿತು. ಮರುದಿನ ನಾನೊಬ್ಬನೇ ಲೆವಿಸ್‌ಟೌನಿನ ಕಸದ ಮೈದಾನದ ವೇಬ್ರಿಡ್ಜ್‌ಗೆ ಹೋದೆ. ಅಲ್ಲೂ ಅಷ್ಟೇ. ಅಲ್ವೀನಾ ಹೇಳಿದ ಕಥೆ ನನ್ನ ತಲೆಯಲ್ಲಿರಬಹುದು, ಆದರೆ ಅದು ವೇಬ್ರಿಡ್ಜಿನ ತಲೆಯಲ್ಲಿ ಇರಲಾರದು. ಹಿಂದಿರುಗಿ ಬಂದಾಗ ಡೆಲ್ಬರ್ಟ್ ಮುಂದಿನ ಗಾಲಿಗಳನ್ನಷ್ಟೇ ಒಮ್ಮೆ, ಹಿಂದಿನವನ್ನಷ್ಟೇ ಒಮ್ಮೆ ತೂಗಿಸಿದ. ತೂಕದ ಚೀಟಿ ಹಿಡಿದು ಕಿಟಕಿ ಬಿಟ್ಟು ಹೊರಗೆ ಬಂದು ನನ್ನ ಪಕ್ಕ ನಿಂತ. “ಕ್ಯಾಂಪರ್ ಕೂರೋದೇ ಹಿಂದಿನ ಗಾಲಿ ಮೇಲೆ ಕಣೋ. ಅದರೊಳಗೇನಾದ್ರೂ ಇದ್ದಿದ್ರೆ ಭಾರ ಪೂರ್ತಿ ಹಿಂದಕ್ಕೆ ಬೀಳ್ಬೇಕು. ಇದು ಮುಂದಕ್ಕೆ ಎಂಬತ್ತು, ಹಿಂದಕ್ಕೆ ಎಂಬತ್ತು ಬಿದ್ದಿದೆ. ಅರ್ಧರ್ಧ. ಇದು ಸಾಮಾನಲ್ಲ, ಸೀಟಲ್ಲಿ ಕೂತಿರೋ ಭಾರ.” ಚೀಟಿ ಮಡಿಸುತ್ತ ಮೆಲ್ಲಗೆ, “ಗಾರೆಟ್ ಸುದ್ದಿ ಏನಾದ್ರೂ ಬಂತಾ?” ಎಂದ. ನಾನು ಎಡಗಡೆಯ ಹೊಲಗಳನ್ನೇ ನೋಡುತ್ತ ಮನೆಗೆ ಬಂದೆ. ನಿನ್ನ ಸೀಟು ಬಲಗಡೆ.

ಆ ಸೀಟಿನ ಬಗ್ಗೆ ನಾನು ಎಂದಾದರೂ ಬರೆಯಬೇಕಿತ್ತು. ಬಿಲ್ಲಿಂಗ್ಸ್‌ನ ಕುಸ್ತಿ ಪಂದ್ಯದ ಆ ಫೆಬ್ರುವರಿ ಬೆಳಿಗ್ಗೆ ನಿನ್ನನ್ನು ಪ್ಲಾಸ್ಟಿಕ್ ಅಂಗಿಯಲ್ಲಿ ಸುತ್ತಿ ಅಲ್ಲಿ ಕೂರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಮೂರು ಗಂಟೆ ಅಲ್ಲಿನ ಕ್ರೀಡಾಂಗಣದ ಸುತ್ತ ಗಾಡಿ ಓಡಿಸಿದೆ. ನೀನು ಕಾಗದದ ಲೋಟದಲ್ಲಿ ಉಗುಳುತ್ತಿದ್ದೆ, ಆಮೇಲೆ ಉಗುಳಲು ಏನೂ ಇರಲಿಲ್ಲ. ನೂರ ಅರವತ್ತೈದಿದ್ದವನನ್ನು ಹನ್ನೆರಡು ದಿನಗಳಲ್ಲಿ ನೂರ ಐವತ್ತೆರಡಕ್ಕೆ ಇಳಿಸಿದ್ದೆ, ಆ ತೂಕದ ಗುಂಪಿನಲ್ಲಿ ನಿನ್ನನ್ನು ಸೋಲಿಸುವವರಿಲ್ಲ ಎಂದು. ಎರಡನೇ ಕುಸ್ತಿಯಲ್ಲಿ ನೀನು ಬಿದ್ದೆ, ಯಾರೂ ಬೀಳಿಸದೆಯೇ. ಮೂರು ದಿನ ಆಸ್ಪತ್ರೆ. ಕಣ್ಣು ಬಿಟ್ಟಾಗ ನೀನು ಕೇಳಿದ್ದು, “ಅಪ್ಪಾ, ಈಗ ಎಷ್ಟಿದೀನಿ?” ನಾನು ಹಾಸಿಗೆಗೆ ತೂಗುಹಾಕಿದ್ದ ಹಾಳೆ ನೋಡಿ ಸಂಖ್ಯೆ ಹೇಳಿದೆ. ಬೇರೆ ಏನು ಹೇಳಬಹುದಿತ್ತು ಎಂಬುದು ಈಗ ಗೊತ್ತು. ಆಗ ಕೈಯಲ್ಲಿದ್ದದ್ದು ಸಂಖ್ಯೆಯೊಂದೇ. ಆ ಜೂನ್‌ನಲ್ಲಿ ನೀನು ಮನೆ ಬಿಟ್ಟು ಹೋದೆ.

ಗೋದಾಮಿನ ವೇಬ್ರಿಡ್ಜ್ ಇಪ್ಪತ್ತಿಪ್ಪತ್ತು ಪೌಂಡಿನ ಹೆಜ್ಜೆಯಲ್ಲೇ ಓದುತ್ತದೆ. ನೂರ ಐವತ್ತೆರಡಾದರೂ ಅದು ನೂರ ಅರವತ್ತೇ ಎನ್ನುತ್ತದೆ, ನೂರ ಅರವತ್ತೈದಾದರೂ ನೂರ ಅರವತ್ತೇ. ಆ ಹದಿಮೂರು ಪೌಂಡುಗಳ ವ್ಯತ್ಯಾಸ ಇಡೀ ಊರಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ನನಗೊಬ್ಬನಿಗೆ ಕಾಣುತ್ತಿತ್ತು.

ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಗುರುವಾರ ತಾನೂ ಬರುತ್ತೇನೆಂದು ಹಟ ಹಿಡಿದು ಗಾಡಿ ಹತ್ತಿದಳು. ಡೆಲ್ಬರ್ಟ್ ಮತ್ತೆ ಮುಂದೆ ಹಿಂದೆ ಎರಡೂ ತೂಗಿಸಿದ. ಅಮ್ಮನ ತೂಕ ಕಳೆದ ಮೇಲೂ ನೂರ ಅರವತ್ತು ಹಾಗೇ ಇತ್ತು. ಆದರೆ ಮುಂದಿನ ಗಾಲಿಗಳ ಮೇಲಿದ್ದ ಪಾಲು ಸ್ವಲ್ಪ ಹಿಂದಕ್ಕೆ ಸರಿದಿತ್ತು. ಮುಂದೆ ಕೂತಿದ್ದವರೊಬ್ಬರು ಹಿಂದಿನ ಸೀಟಿಗೆ ಹೋದರೆ ಎಷ್ಟೋ ಅಷ್ಟು. ಚರ್ಚಿಗೆ ಹೋಗುವಾಗ ನೀನು ಹಾಗೆಯೇ ಅಮ್ಮನಿಗೆ ಜಾಗ ಬಿಟ್ಟು ಹಿಂದಕ್ಕೆ ದಾಟುತ್ತಿದ್ದೆ. ಡೆಲ್ಬರ್ಟ್ ಚೀಟಿಯನ್ನು ನನ್ನ ಕೈಗೆ ಕೊಟ್ಟು ಟೋಪಿ ತೆಗೆದ. ಅಮ್ಮ ಕೇಳಿದಳು, “ಏನಂತೆ? ಭಾರ ಜಾಸ್ತಿ ಆಯ್ತಾ? ನನ್ನ ಅಡುಗೆ ಪಾತ್ರೆ ಮೇಲೆ ಕಣ್ಣು ಹಾಕ್ಬೇಡ, ಈಗ್ಲೇ ಹೇಳ್ತೀನಿ.” ನಾನು ಇಲ್ಲವೆಂದೆ.

ನೀರಿನ ತೊಟ್ಟಿಯನ್ನು ಖಾಲಿ ಬಿಟ್ಟಿದ್ದೇನೆ. ಬಿಸಿಲಿಗೆ ಬಿಚ್ಚುವ ಪರದೆಯನ್ನೂ ಏಣಿಯನ್ನೂ ಕಳಚಿ ಕೊಟ್ಟಿಗೆಯಲ್ಲಿಟ್ಟೆ. ಇನ್ನೂರ ಮೂವತ್ತರಲ್ಲಿ ನೂರ ಅರವತ್ತು ಹೋದರೆ ಎಪ್ಪತ್ತು. ಎರಡು ಚೀಲ ಬಟ್ಟೆ, ಅಮ್ಮನ ಪಾತ್ರೆ, ನಿನಗೆಂದು ಅವಳು ಕಟ್ಟಿಟ್ಟ ಜಿಂಕೆಮಾಂಸ, ಸಾಕು. ನಾನು ರಾತ್ರಿ ಊಟಕ್ಕೆ ಸೂಪು ಮಾತ್ರ ಕುಡಿಯುತ್ತಿದ್ದೇನೆ, ಈ ಸಲ ಇಳಿಸುವ ಸರದಿ ನನ್ನದು. ಕಪಾಟಿನ ಬಾಗಿಲಿನಲ್ಲಿ ಎಮಿಲ್‌ನ ಪಟ್ಟಿಯ ಕೆಳಗೆ ಪೆನ್ಸಿಲ್ ಹಿಡಿದು ನಮ್ಮದನ್ನೂ ಬರೆದೆ. ಕಡೆಯ ಸಾಲಿನಲ್ಲಿ ಅಡ್ಡಗೀಟು ಎಳೆದೆ. ನಿನ್ನ ಹೆಸರು ಬರೆಯಲಿಲ್ಲ. ಬರೆಯಲಾರೆ. ಆ ಬಾಗಿಲಿನಲ್ಲಿ ಆ ಸಾಲು ಎಂಥವರಿಗೆ ಮೀಸಲಾಗಿತ್ತು ಎಂದು ನನಗೆ ಗೊತ್ತಿದೆ.

ಭುಜಕ್ಕೆ ಬಿಸಿನೀರಿನ ಶಾಖ ಕೊಡು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು. ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಡೆಲ್ಬರ್ಟ್ ನಮಸ್ಕಾರ ಹೇಳಿದ್ದಾನೆ.

ನಿನ್ನ ಅಪ್ಪ,
ಆರ್ಲೋ

ತಾ.ಕ.: ಅಂಚೆಯವನ ಗಾಡಿ ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ನಾವು ಹೊರಡುವ ಮೊದಲು ಒಂದು ಕಾರ್ಡಿನ ಮೇಲೆ ನಿನ್ನ ಈಗಿನ ತೂಕ ಬರೆದು ಹಾಕು. ಬೇರೇನೂ ಬೇಡ, ಕ್ಷಮೆ ಬೇಡ, ಸಹಿ ಕೂಡ ಬೇಡ, ನಿನ್ನ ಅಕ್ಷರ ನನಗೆ ಗೊತ್ತು. ನೂರ ಎಂಬತ್ತಾಗಿರಲಿ, ಇನ್ನೂರ ಇಪ್ಪತ್ತಾಗಿರಲಿ, ಎಷ್ಟಿದ್ದರೂ ಜಾಗ ಮಾಡುತ್ತೇನೆ. ನೂರ ಅರವತ್ತು ಎಂದು ಮಾತ್ರ ಬರೆಯಬೇಡ, ಮಗನೇ.