ಮುರಿದರೂ ನಿಲ್ಲುವ ಚಕ್ರ

ಅಣ್ಣಾ,

ನೀನು ಹೋದ ಮೇಲೆ ಶೆಡ್ಡಿನಲ್ಲೇ ನಿಂತಿದ್ದ ಜೀಪಿಗೆ ನಿನ್ನ ಮಗಳು ದೊಡ್ಡ ಟೈರು ಹಾಕಿಸಿದ್ದಾಳೆ. ಬೆಟ್ಟ ಹತ್ತಿಸುತ್ತಾಳಂತೆ. ಆ ಟೈರಿಗೆ ಹಳೆಯ ಆಕ್ಸಲ್ ತಡೆಯುವುದಿಲ್ಲ ಎಂದು ಇವತ್ತು ಮೆಕ್ಯಾನಿಕ್ ಹೇಳಿದ. ಅದರೊಳಗೆ ಚಕ್ರ ತಿರುಗಿಸುವ ಶಾಫ್ಟ್ ಮಾತ್ರ ಗಟ್ಟಿಯದು ಹಾಕಬಹುದು, ಇಲ್ಲವೇ ಇಡೀ ಆಕ್ಸಲ್ಲನ್ನೇ ಬದಲಿಸಬಹುದು.

"ಶಾಫ್ಟ್ ಸಾಕು," ಎಂದಳು ಇವಳು.

"ಅದೂ ಮುರಿದರೆ?" ಎಂದೆ.

"ಚಕ್ರಾನೇ ಕಳಚಿಕೊಳ್ಳುತ್ತೆ ಮೇಡಂ. ಹೊಸ ಆಕ್ಸಲ್ ಆದ್ರೆ ಚಕ್ರ ಹೊರಗಿನ ಕೊಳವೆ ಮೇಲೇ ಕೂತಿರುತ್ತೆ, ಶಾಫ್ಟ್ ಮುರಿದ್ರೂ ಅಲ್ಲೇ ಇರುತ್ತೆ."

"ಹೊರಡೋಕೆ ಮುಂಚೆನೇ ಮುರಿಯೋ ಮಾತಾ? ಕೂಸು ಹುಟ್ಟೋ ಮೊದಲೇ ಕುಲಾವಿ ಅಂದ್ರೆ ನಮ್ಮತ್ತೇನೇ!" ಎಂದು ನಕ್ಕಳು.

ಇದೇ ಜೀಪಿನ ಚಕ್ರ ಕಳಚಿದ ಆ ದಿನ, ಹೊರಡುವಾಗ ನೀನೂ ಹೀಗೇ ನಕ್ಕಿದ್ದೆ. ನಿನ್ನ ಜೊತೆ ನಾನೂ ನಕ್ಕಿದ್ದೆ.

ಇವತ್ತು ನಗಲಿಲ್ಲ. ಇಡೀ ಆಕ್ಸಲ್ ಬದಲಿಸಲು ಹೇಳಿಬಂದೆ.

ಅಷ್ಟು ಸಾಕೇನೋ, ಅಣ್ಣಾ?