ನೂರ ನಾಲ್ಕನೇ ಕಂತು

ಸೋಮವಾರ, ೪. ಬೆಳಿಗ್ಗೆ ೧೦
ಇನ್ನೂ ಮೂರು ಕ್ಯಾಸೆಟ್‌ಗೆ ಬೂಸ್ಟು ಹಿಡಿದಿದೆ. ಒರೆಸಿ ಫ್ಯಾನ್ ಕೆಳಗಿಟ್ಟೆ. ‘ಊರ ಕಿಟಕಿ’ಗೆ ಇಪ್ಪತ್ತೈದು ವರ್ಷ, ಅರ್ಧ ಗಂಟೆಯ ಇತಿಹಾಸ ಮಾಡಿಕೊಡಿ ಅಂದಿದ್ದಾರೆ ಮ್ಯಾನೇಜರ್. ಇತಿಹಾಸವಂತೆ! ದರ್ಜಿ ಅಂಗಡಿ ಮೇಲೊಂದು ರೂಮು, ಒಂದು ಕ್ಯಾಮೆರಾ, ನೀಲಿ ಪರದೆ. ಹೊಲಿಗೆ ಮಷೀನ್ ಸದ್ದು ಮೈಕಿಗೆ ಬೀಳಬಾರದು ಅಂತ ದರ್ಜಿಯನ್ನ ಅರ್ಧ ಗಂಟೆ ಟೀಗೆ ಕಳಿಸುತ್ತಿದ್ದರು. ಕಳೆದುಹೋದ ನಾಯಿ, ರಿಟೈರಾದ ಪೋಸ್ಟ್‌ಮ್ಯಾನ್, ಪೈಪು ಒಡೆದ ಬೀದಿ... ವಾರಕ್ಕೊಮ್ಮೆ ಜನ ಟಿವಿಯಲ್ಲಿ ತಮ್ಮನ್ನೇ ತಾವು ನೋಡಿಕೊಳ್ಳುತ್ತಿದ್ದರು.

ನಡೆಸಿಕೊಡುತ್ತಿದ್ದವಳು ನನ್ನ ಅಕ್ಕ. ಮೊದಲ ಎರಡು ವರ್ಷ, ನೂರ ನಾಲ್ಕು ಕಂತು. ಕೊನೆಯದು ಮುಗಿಸಿ ನಾಲ್ಕು ದಿನಕ್ಕೆ ಜ್ವರ ಅಂತ ಮಲಗಿದಳು, ಏಳಲಿಲ್ಲ. ಮಗಳಿಗೆ ಆಗ ಎಂಟು ತಿಂಗಳು. ಪುಟ್ಟಿಯನ್ನ ಸಾಕಿದವಳು ನಾನು. ತಿಂಗಳಾದ ಮೇಲೆ ಇದೇ ಚಾನೆಲ್‌ನಲ್ಲಿ ಕೆಲಸಕ್ಕೆ ಸೇರಿದೆ.

ಅಕ್ಕನ ಒಂದು ಕಂತೂ ಇಲ್ಲ. ಆಗ ಹೊಸ ಕ್ಯಾಸೆಟ್ ಸಿಗುತ್ತಿರಲಿಲ್ಲ, ಪ್ರಸಾರ ಆದದ್ದರ ಮೇಲೇ ಮುಂದಿನ ವಾರದ್ದು. ಹಾಗಂತ ಎಲ್ಲರೂ ಹೇಳಿದ್ದರು. ನಂಬಿದ್ದೆ.

ಸೋಮವಾರ, ೪. ಸಂಜೆ
ಮ್ಯಾನೇಜರ್ ಬೀರುವಿನಲ್ಲಿ ಹಳೇ ರಿಜಿಸ್ಟರ್ ಸಿಕ್ಕಿತು. ಎಲ್ಲ ಸಾಲಿನಲ್ಲೂ ‘ಮರುಬಳಕೆ’. ನೂರ ನಾಲ್ಕರ ಮುಂದೆ ಮಾತ್ರ — ‘ಉಳಿಸಿ. ಹಲ್ಲು ಮುರಿದಿದೆ.’

ಅಂಚಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ಮಷೀನ್ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡುವುದಿಲ್ಲ. ಅಂದರೆ ಉಳಿದಿರಲೇಬೇಕು! ಎಲ್ಲಿ?

ಅಕ್ಷರ ಟೈ ಸಾಹೇಬರದ್ದು. ಅಕ್ಕನ ಕುರ್ಚಿಗೆ ಬಂದು ಕೂತವರು, ಇವತ್ತಿಗೂ ಎದ್ದಿಲ್ಲ. ಟೇಬಲ್ ಮೇಲೆ ಕೋಟು ಟೈ, ಕೆಳಗೆ ಹವಾಯಿ ಚಪ್ಪಲಿ. ಕೊನೆಗೆ ಕೈ ಹಾಕಿದವರು ಅವರೇ ಹಾಗಾದರೆ.

ಮಂಗಳವಾರ, ೫
ಪುಟ್ಟಿಗೆ ಹೇಳದೆ ಇರಲಾಗಲಿಲ್ಲ. ತಟ್ಟೆಯಿಂದ ಕೈ ಎತ್ತಿ ಕೂತಳು.
“ಚಿಕ್ಕಮ್ಮ, ಅದ್ರಲ್ಲಿ ಅಮ್ಮ ಮಾತಾಡ್ತಾಳಾ?”
“ಅರ್ಧ ಗಂಟೆ ಬಾಯಿ ಮುಚ್ಚಲ್ಲ.”
ನಕ್ಕಳು. ಆಮೇಲೆ ಮೆಲ್ಲಗೆ, “ಅಮ್ಮನ ಫೋಟೋ ನೋಡಿದಾಗೆಲ್ಲ ನಿನ್ನ ದನೀನೇ ಹಾಕ್ಕೊಳ್ತೀನಿ, ಗೊತ್ತಾ?”
ಹುಡುಕಿಯೇ ತೀರುತ್ತೇನೆ.

ಗುರುವಾರ, ೭. ಮಧ್ಯಾಹ್ನ
ಟೈ ಸಾಹೇಬರನ್ನ ಮೇಕಪ್ ರೂಮಿನಲ್ಲಿ ಹಿಡಿದೆ. “ಸರ್, ನೂರ ನಾಲ್ಕು ಎಲ್ಲಿದೆ?”
ಪೌಡರ್ ಪಫ್ ಕೈಯಲ್ಲೇ ನಿಂತಿತು. “ಯಾವ ನೂರ ನಾಲ್ಕು?” — ಕನ್ನಡಿಯಲ್ಲಿ ನನ್ನನ್ನ ನೋಡಲಿಲ್ಲ. ಟೈ ಸರಿಯಾಗಿಯೇ ಇತ್ತು, ಮತ್ತೆ ಸರಿಮಾಡಿಕೊಂಡರು. ಸುಳ್ಳು. ಇಪ್ಪತ್ತಮೂರು ವರ್ಷದಿಂದ ಆ ಮುಖ ಎಡಿಟ್ ಮಾಡುತ್ತಿದ್ದೇನೆ, ಸುಳ್ಳು ಹೇಳುವಾಗ ಹುಬ್ಬು ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತು.

ಆಮೇಲೆ ಕಿಟಕಿಯಿಂದ ಕಂಡೆ. ಅವರೂ ನಾವೆಲ್ಲ ಟ್ರೈಪಾಡ್ ಅನ್ನುವ ಕ್ಯಾಮೆರಾಮನ್ನೂ ಸ್ಕೂಟರ್ ಹತ್ತಿರ ಗುಸುಗುಸು. ನಾನು ಇಳಿದು ಹೋಗುವಷ್ಟರಲ್ಲಿ ಹವಾಮಾನದ ಮಾತು!

ಟ್ರೈಪಾಡ್ ಯಾರ ಗೋಜಿಗೂ ಹೋಗುವವನಲ್ಲ. ಉದ್ದ, ಸಣ್ಣ, ಮೂರು ಮಾತಿಗೆ ಒಂದು ಮಾತು. ಅವನ ಮೇಲಿರುವ ದೂರು ಒಂದೇ — ಕಾರ್ಯಕ್ರಮ ಮುಗಿದ ಮೇಲೂ ಒಂದು ನಿಮಿಷ ಕ್ಯಾಮೆರಾ ನಿಲ್ಲಿಸುವುದಿಲ್ಲ. ಮೊದಲಿಂದಲೂ ಹಾಗೆ. ಟೇಪ್ ದಂಡ ಅಂತ ಎಲ್ಲ ಮ್ಯಾನೇಜರ್‌ಗಳೂ ಬೈದರು, ಬಿಡಲಿಲ್ಲ. ಅಂಥವನೂ ಇದರಲ್ಲಿ ಸೇರಿದ್ದಾನಾ?

ಶುಕ್ರವಾರ, ೮
ಟ್ರೈಪಾಡ್ ಹತ್ತಿರ ಟೇಪ್ ರೂಮಿನ ಕೀ ಕೇಳಿದೆ. ಕೊಟ್ಟ. ಆದರೆ ಬಾಗಿಲಲ್ಲೇ ನಿಂತ, ಪೂರ್ತಿ ಎರಡು ಗಂಟೆ. ಯಾಕೆ? ಕೊನೆಯ ಕಪಾಟು ಖಾಲಿ, ಧೂಳಿನಲ್ಲಿ ಒಂದೇ ಒಂದು ಕ್ಯಾಸೆಟ್ಟಿನ ಚೌಕ ಗುರುತು. ಧೂಳು ಕೂರದ ಜಾಗ. ಮೊನ್ನೆ ಮೊನ್ನೆ ಎತ್ತಿದ್ದಾರೆ!

“ಇಲ್ಲಿದ್ದದ್ದು ಏನು?”
“ಗೊತ್ತಿಲ್ಲಮ್ಮ.”
“ನಿಮ್ ರೂಮು. ನಿಮ್ ಕೀ.”
ಕೆಳಗೆ ನೋಡಿದ. “ಬಿಟ್ಬಿಡಮ್ಮ ಇದನ್ನ” ಅಂದ.
ಬಿಡುತ್ತೇನಾ.

ಬುಧವಾರ, ೧೩
ನಾಲ್ಕು ದಿನ ಬರೆಯಲಿಲ್ಲ.

ಇವತ್ತು ಮೀಟಿಂಗ್‌ನಲ್ಲಿ ಎಲ್ಲರ ಎದುರು ಕಿರುಚಿದೆ. “ಅಕ್ಕನ ಜಾಗ ಸಿಕ್ಕಿತು ನಿಮಗೆ, ಅವಳ ಮುಖಾನೂ ಅಳಿಸಬೇಕಿತ್ತಾ? ಜನ ಇಬ್ಬರನ್ನೂ ತೂಗಿ ನೋಡಿಬಿಡ್ತಾರೆ ಅಂತ ಭಯವಾ?” ಮ್ಯಾನೇಜರ್ ನೀರಿನ ಲೋಟ ನನ್ನ ಕಡೆ ತಳ್ಳಿದರು. ಟೈ ಸಾಹೇಬರು ಟೈ ಬಿಚ್ಚಿದರು, ಮಡಚಿ ಜೇಬಿಗೆ ಇಟ್ಟುಕೊಂಡರು, ಎದ್ದುಹೋದರು. ಟೈ ಇಲ್ಲದ ಅವರ ಕುತ್ತಿಗೆ ನೋಡಿದ್ದು ಇದೇ ಮೊದಲು. ವಯಸ್ಸಾದವರ ಕುತ್ತಿಗೆ.

ಮನೆಯಲ್ಲಿ ಪುಟ್ಟಿಗೆ ಹೇಳಿದೆ — ಅವರೇ, ಅನುಮಾನವೇ ಇಲ್ಲ. ಪುಟ್ಟಿ ಹಲ್ಲು ಕಡಿದಳು. “ಎದುರಿಗೆ ಸಿಗ್ಲಿ ಆ ಮನುಷ್ಯ.”

ಗುರುವಾರ, ೧೪. ಬೆಳಿಗ್ಗೆ ೯
ಟ್ರೈಪಾಡ್ ಬಂದ, ಮನೆಗೇ. ಕೈಯಲ್ಲಿ ಬಟ್ಟೆ ಸುತ್ತಿದ ಕ್ಯಾಸೆಟ್. ಕೂರಲಿಲ್ಲ.

“ಇಷ್ಟು ವರ್ಷ ಕಪಾಟಲ್ಲೇ ಇತ್ತು. ನೀನು ಕೇಳೋಕೆ ಶುರು ಮಾಡಿದ ಮೇಲೆ ಮನೆಗೆ ತಗೊಂಡು ಹೋದೆ. ಸಾಹೇಬ್ರು ಕೊಡಬೇಡ ಅಂದ್ರು. ಬೈಸ್ಕೊಂಡ್ರೂ ಪರವಾಗಿಲ್ಲ, ಕೊಡಬೇಡ ಅಂದ್ರು. ನಿನ್ನೆ ಅವರ ಮುಖ ನೋಡೋಕಾಗ್ಲಿಲ್ಲಮ್ಮ ನನ್ ಕೈಲಿ.”

ಹಲ್ಲು ಮುರಿದ ತೂತಿನ ಮೇಲೆ ಸೆಲ್ಲೋಟೇಪ್. ಹಳದಿಗೆ ತಿರುಗಿದೆ. ತೂತು ಮುಚ್ಚಿದರೆ ಮಷೀನ್ ಮೋಸಹೋಗುತ್ತೆ, ಮತ್ತೆ ರೆಕಾರ್ಡ್ ಮಾಡುತ್ತೆ.
“ಯಾರು ಹಚ್ಚಿದ್ದು?” ಅಂದೆ.
“ನೋಡು, ಗೊತ್ತಾಗುತ್ತೆ.” ಹೊರಟುಬಿಟ್ಟ.

ಗುರುವಾರ, ೧೪. ೧೧ ಗಂಟೆ
ಎಡಿಟ್ ರೂಮು. ಚಿಲಕ ಹಾಕಿದ್ದೇನೆ.

ಪರದೆ ಮೇಲೆ ಬಂದವಳು ನಾನು.

ಎರಡು ಜಡೆ, ಗಂಟು ಮುಖ. “ಒಂದು, ಎರಡು, ಮೂರು, ಮೈಕ್ ಟೆಸ್ಟ್.” ಪೇಪರ್ ನೋಡಿ ಓದುತ್ತಿದ್ದೇನೆ, ತಡವರಿಸುತ್ತಿದ್ದೇನೆ, ಮತ್ತೆ ಮೊದಲಿಂದ. ಕೆಲಸಕ್ಕೆ ಸೇರಿದ ಮೊದಲ ವಾರ. ರೆಕಾರ್ಡಿಂಗ್ ಅಭ್ಯಾಸ ಮಾಡಲು ಖಾಲಿ ಕ್ಯಾಸೆಟ್ ಇರಲಿಲ್ಲ, ನನ್ನ ಮೇಜಿನ ಮೇಲೆ ಒಂದಿತ್ತು, ಚೀಟಿ ಅಂಟಿಸಿರಲಿಲ್ಲ. ಮಷೀನ್ ರೆಕಾರ್ಡ್ ತೆಗೆದುಕೊಳ್ಳಲಿಲ್ಲ. ಸೆಲ್ಲೋಟೇಪ್ ಉಪಾಯ ಹಿಂದಿನ ದಿನವಷ್ಟೇ ಕಲಿತಿದ್ದೆ. ಎಂಥ ಜಾಣೆ ನಾನು ಅಂತ ಬೀಗಿದ್ದೂ ನೆನಪಾಯಿತು.

ನಾನೇ. ನನ್ನ ಕೈಯಾರೆ.

ಟ್ರೈಪಾಡ್‌ಗೆ ಫೋನ್ ಮಾಡಿದೆ. ಕೇಳುವ ಮೊದಲೇ ಹೇಳಿದ. “ನೀನು ಮನೆಗೆ ತಗೊಂಡು ಹೋಗ್ಲಿ ಅಂತಲೇ ಸಾಹೇಬ್ರು ನಿನ್ ಮೇಜಿನ ಮೇಲೆ ಇಟ್ಟಿದ್ರು. ಹಲ್ಲು ಮುರಿದಿದ್ದೂ ಅವ್ರೇ. ಮಾರನೇ ದಿನ ಹಾಕಿ ನೋಡಿದ್ರೆ ನಿನ್ ಮುಖ... ಅಲ್ಲಿಗೇ ಆಫ್ ಮಾಡಿದ್ವಿ. ಅಕ್ಕ ಹೋಗಿ ತಿಂಗಳು, ಒಂದು ತುತ್ತು ಅನ್ನ ಇಳೀತಿರ್ಲಿಲ್ಲ ನಿಂಗೆ. ಇದೂ ಗೊತ್ತಾದ್ರೆ ನೀನು ಉಳೀತಿದ್ಯಾ? ಮಗೂನ ಯಾರು ನೋಡ್ಕೋಬೇಕಿತ್ತು?”

ಆ ಮನುಷ್ಯನಿಗೆ ಎಲ್ಲರ ಎದುರು ಏನೆಲ್ಲ ಅಂದೆ ನಾನು. ನಾಚಿಕೆಯಿಂದ ಸಾಯುವ ಹಾಗಾಗಿದೆ.

ಗುರುವಾರ, ೧೪. ೧೨.೧೫
ಟೇಪ್ ನಿಲ್ಲಿಸಿರಲಿಲ್ಲ. ಅಳುತ್ತಾ ಕೂತಿದ್ದೆ, ಅದು ಓಡುತ್ತಲೇ ಇತ್ತು. ಪೂರ್ತಿ ಅರ್ಧ ಗಂಟೆ ಅಭ್ಯಾಸ ಮಾಡಿದ್ದೇನೆ, ಕಾರ್ಯಕ್ರಮದಷ್ಟೇ. ಆಮೇಲೆ ಗರಗರ ಗೆರೆ. ಆಮೇಲೆ ನೀಲಿ ಪರದೆ.

ಅಕ್ಕ.

ಕಾರ್ಯಕ್ರಮ ಮುಗಿಸಿ ಮೈಕ್ ಬಿಚ್ಚುತ್ತಿದ್ದಾಳೆ. ಟ್ರೈಪಾಡ್‌ನ ಆ ಒಂದು ನಿಮಿಷ! ಎಲ್ಲರೂ ಬೈದ ಆ ದಂಡದ ನಿಮಿಷ. “ಸಾಕು ಆಫ್ ಮಾಡ್ರೀ ಅದನ್ನ” ಅನ್ನುತ್ತಾಳೆ, ನಗುತ್ತಾಳೆ. ಬಾಗಿಲ ಕಡೆ ತಿರುಗುತ್ತಾಳೆ. “ಬಂದ್ಯೇನೇ? ಎದ್ದುಬಿಟ್ಳಾ ನನ್ ಪುಟ್ಟಿ? ಕೊಡಿಲ್ಲಿ.” ಎರಡು ಕೈ ಚಾಚುತ್ತಾಳೆ. ಪಕ್ಕದಿಂದ ಯಾರೋ ಮಗು ದಾಟಿಸುತ್ತಾರೆ. ಕೈ ಮಾತ್ರ ಕಾಣುತ್ತೆ. ನನ್ನ ಕೈ.

ಮೂವತ್ತೆಂಟು ಸೆಕೆಂಡ್. ಆರು ಸಲ ನೋಡಿದೆ.

೧ ಗಂಟೆ
ಟೈ ಸಾಹೇಬರ ಮನೆಗೆ ಹೋಗಬೇಕು. ಕಾಲು ಹಿಡಿಯಬೇಕು. ಅದಕ್ಕೆ ಮೊದಲು ಪುಟ್ಟಿ. ಕರೆದಿದ್ದೇನೆ. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು. ಬಾಗಿಲು ಬಡಿಯುತ್ತಿದ್ದಾಳೆ —

“ಸಿಕ್ತಾ ಚಿಕ್ಕಮ್ಮ? ಅವ್ರೇ ಅಲ್ವಾ ಅಳಿಸಿದ್ದು?”

ಹೇಳುತ್ತೇನೆ. ಮೊದಲು ಕೂರಲಿ, ಮೊದಲು ಅವಳಮ್ಮ ಅವಳನ್ನ ಕರೆಯುವುದು ಕೇಳಲಿ. ಆಮೇಲೆ ಪೂರ್ತಿ ಹಿಂದಕ್ಕೆ ಸುತ್ತಿ, ಆ ಎರಡು ಜಡೆಯವಳನ್ನ ತೋರಿಸುತ್ತೇನೆ: ಅಳಿಸಿದ್ದು ಇವಳು.