ಜಿಪ್ ಡಿಸ್ಕಿನ ಮೇಲೆ ಭಂಡಾರ

ಏಪ್ರಿಲ್ 16, ಬುಧವಾರ. ಅಂಗಡಿ

ಬೆಳಿಗ್ಗೆಯಿಂದ ಬರೀ ಪ್ರಿಂಟರ್. ಗೊಬ್ಬರದಂಗಡಿಯವರದು ಕಾಗದ ನುಂಗುತ್ತದೆ, ಉಗುಳುವುದಿಲ್ಲ. ಬಿಚ್ಚಿದರೆ ಒಳಗೆ ಸತ್ತ ಹಲ್ಲಿ. ತೋರಿಸಿದೆ. "ಇದು ಗ್ಯಾರಂಟಿಯಾಗ ಬರ್ತದೇನ್ರಿ?" ಅಂದರು. ಸಿಂಧನೂರಿನ ಬಿಸಿಲಿಗೆ ತಲೆ ಕೆಟ್ಟಿದೆ, ಅವರದೂ ನನ್ನದೂ.

ಮಧ್ಯಾಹ್ನ ಮಸ್ಕಿಯಿಂದ ಒಬ್ಬರು ಬಂದರು. ಮುದುಕಪ್ಪ ಅಂತ. ನನ್ನೂರು ಗುರುಗುಂಟಾದವರೇ. ಕುರಿ ಬಿಟ್ಟು ಈಗ ಮಸ್ಕಿಯಲ್ಲಿ ಕಂಬಳಿ ಅಂಗಡಿ. ಹೆಗಲ ವಸ್ತ್ರದ ಗಂಟು ಬಿಚ್ಚಿ ಟೇಬಲ್ ಮೇಲೆ ಒಂದು ನೀಲಿ ಚೌಕ ಇಟ್ಟರು. ಜಿಪ್ ಡಿಸ್ಕ್, ಹಳೇ ಫ್ಲಾಪಿಯ ದಪ್ಪ ಅಣ್ಣ! ಕಾಲೇಜಿನಲ್ಲಿ ಒಮ್ಮೆ ನೋಡಿದ್ದೆ, ಆಮೇಲೆ ಇವತ್ತೇ. ಮೇಲೆಲ್ಲ ಭಂಡಾರದ ಅರಿಶಿಣ ಪುಡಿ, ಕುಂಕುಮ, ಅಂಟಿಕೊಂಡ ಚೆಂಡುಹೂವಿನ ಎಸಳು.

"ಏನ್ರಿ ಇದು, ಡಿಸ್ಕೋ ದೇವ್ರೋ?"

"ಎರಡೂ ಅನ್ನು ಯವ್ವಾ. ಇದರಾಗ ನನ್ನ ಹೇಣ್ತಿ ದನಿ ಐತಿ."

ನಗು ನುಂಗಿಕೊಂಡೆ.

ಹೆಂಡತಿ ಕರೆಮ್ಮ. ಸುತ್ತಲಿನ ಮದುವೆಗಳಿಗೆಲ್ಲ ಅರಿಶಿಣದ ಹಾಡು ಹಾಡುತ್ತಿದ್ದವಳು. ಕ್ಯಾಸೆಟ್ ಮಾಡುತ್ತೇವೆಂದು ಲಿಂಗಸುಗೂರಿನ ಸ್ಟುಡಿಯೋದವರು ಕರೆದು ಹಾಡಿಸಿದರು. ಅದೇ ವಾರ ಹೊಲದಲ್ಲಿ ಹಾವು ಕಚ್ಚಿತು. ಕ್ಯಾಸೆಟ್ ಬರಲೇ ಇಲ್ಲ. ಸ್ಟುಡಿಯೋದವರು ಈ ಡಿಸ್ಕನ್ನು ಮುದುಕಪ್ಪನ ಕೈಗಿಟ್ಟರು. ಅವರು ಒಯ್ದು ಜಗಲಿಯ ಮೇಲೆ ದೇವರ ಪಕ್ಕ ಇಟ್ಟರು. ಅಂದಿನಿಂದ ಮಂಗಳವಾರ, ಶುಕ್ರವಾರ ತಪ್ಪದೆ ಭಂಡಾರ.

ಆಗ ತೊಟ್ಟಿಲಲ್ಲಿದ್ದ ಮಗಳು ನಂದಿನಿ ಈಗ ಲಿಂಗಸುಗೂರಿನಲ್ಲಿ ನರ್ಸ್. ಬಸವ ಜಯಂತಿಗೆ ಮದುವೆ, ಮುನ್ನಾದಿನ ಅರಿಶಿಣ. ತಾಯಿಯ ದನಿ ಹೇಗಿತ್ತೆಂದೇ ಆಕೆಗೆ ಗೊತ್ತಿಲ್ಲ.

"ಅರಿಷಿಣ ಹಚ್ಚೂ ಮುಂದ ಅವ್ವನ ಹಾಡು ಕೇಳಬೇಕು ಅಂತಾಳ. ಹುಟ್ಟಿದಾಗಿಂದ ನನ್ನ ಹತ್ರ ಬ್ಯಾರೆ ಏನೂ ಬೇಡಿಲ್ಲ ಅಕಿ."

ಆಗುವುದಿಲ್ಲ ಅನ್ನಬೇಕಿತ್ತು. ಇಟ್ಟು ಹೋಗ್ರಿ ಅಂದೆ.

ಏಪ್ರಿಲ್ 18, ಶುಕ್ರವಾರ. ಲಿಂಗಸುಗೂರಿನಿಂದ ವಾಪಸ್, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ರಸ್ತೆ ಹಾಗಿದೆ.

ಡಿಸ್ಕ್ ಇದ್ದರೆ ಸಾಲದು, ಅದನ್ನು ಓದುವ ಡ್ರೈವ್ ಬೇಕು. ಅದು ಇರುವುದಾದರೆ ಆ ಸ್ಟುಡಿಯೋದಲ್ಲೇ. ಹೋದರೆ ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾರೆ. ಸ್ಟುಡಿಯೋ ಮಾಲೀಕರು ತೀರಿಕೊಂಡಿದ್ದಾರೆ. ಹುಡುಕಿ ಮನೆಗೆ ಹೋದೆ. ಅವರ ಹೆಂಡತಿ ಗುಲ್ಷನ್‌ಬೀ ಟ್ರಂಕ್ ತೆಗೆದು, ಹಳೆಯ ಶಾಲು ಬಿಚ್ಚಿ, ಡ್ರೈವನ್ನೂ ಕೇಬಲ್ಲನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತರು. ಕೊಡಲು ಮನಸ್ಸು ಬರಲಿಲ್ಲ, ಪಾಪ.

"ನಮ್ಮನಿಯವ್ರಿಗೆ ಇದಂದ್ರ ಜಾನ್. ಇದ್ದದ್ದು ಒಂದ ಮೈಕ್. ಒಬ್ಬೊಬ್ಬರನ್ನ ಕೂಡಿಸಿ ರಿಕಾರ್ಡ್ ಮಾಡೋರು. ಕರೆಮ್ಮಂದು ಆತು, ಹಿಂದ ಹಾಡೋ ಹೆಣ್ಮಕ್ಕಳದು ಮುಂದಿನ ವಾರ ಅಂದಿದ್ರು. ಅಷ್ಟರಾಗ..."

ಹೂಂ ಅಂದೆ. ಕಣ್ಣು ಕೇಬಲ್ ಮೇಲೆಯೇ ಇತ್ತು. ಹಳೆ ಪ್ರಿಂಟರುಗಳ ಆ ಅಗಲ ಬಾಯಿ, ಪ್ಯಾರಲಲ್ ಪೋರ್ಟ್. ಈಗಿನ ಯಾವ ಕಂಪ್ಯೂಟರಿಗೂ ಆ ಬಾಯಿ ಇಲ್ಲ. ಕೊನೆಗೆ ಎರಡನ್ನೂ ಕೊಟ್ಟರು, ಕಷ್ಟ ಅಲ್ಲಿಂದ ಶುರು.

ಏಪ್ರಿಲ್ 20, ಭಾನುವಾರ

ಯುಎಸ್‌ಬಿಗೆ ಸಿಕ್ಕಿಸುವ ಪ್ಯಾರಲಲ್ ಕೇಬಲ್ ಹಾಕಿ ನೋಡಿದೆ. ಸುಡುಗಾಡು. ಪ್ರಿಂಟರಿಗೆ ಮಾತ್ರ ನಡೆಯುತ್ತದಂತೆ, ಡ್ರೈವಿಗೆ ಇಲ್ಲ. ನಿಜವಾದ ಪೋರ್ಟೇ ಬೇಕು. ಗುಜರಿಯಲ್ಲಿ ಹುಡುಕಿದೆ. ಸಿಕ್ಕ ಬೋರ್ಡ್‌ಗಳೆಲ್ಲ ಇಲಿ ತಿಂದವು.

ಸಂಜೆ ಟೀ ಕುಡಿಯುತ್ತಿದ್ದಾಗ ನೆನಪಾಯಿತು! ಗೊರೇಬಾಳ ರಸ್ತೆಯ ರೈಸ್‌ಮಿಲ್, ಲಾರಿ ತೂಗುವ ಕಾಟಾ. ಅಲ್ಲಿ ಇನ್ನೂ ಕಿರ್ರೆನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ, ಅಂದರೆ ಅದರ ಕಂಪ್ಯೂಟರಿಗೆ ಆ ಬಾಯಿಯೂ ಇದೆ. ಹೋದ ವರ್ಷ ನಾನೇ ರಿಬ್ಬನ್ ಹಾಕಿದ್ದೆ. ಗಾಡಿ ತಿರುಗಿಸಿದೆ. ಲಾರಿಗಳ ಸಾಲು ರಸ್ತೆವರೆಗೆ. ಕಾಟಾ ನೋಡಿಕೊಳ್ಳುವ ಬಾಬುಸಾಬ್‌ಗೆ ಮದುವೆಯ ವಿಷಯ ಹೇಳಿದರೂ ತಲೆ ಎತ್ತಲಿಲ್ಲ.

"ಸೀಸನ್ ಐತಿ ಅಮರಕ್ಕಾ. ಭತ್ತದ ಲಾರಿ ನಿಂತ್ರ ಮಾಲೀಕ ನನ್ನ ಹತ್ತಿಸಿ ತೂಗತಾನ."

"ಒಂದೆರಡು ತಾಸು ಸಾಕ್ರಿ."

"ಅಮಾಸಿ ದಿನ ಬಾ. ಹಮಾಲ್ರು ಬರಂಗಿಲ್ಲ, ಕಾಟಾ ಖಾಲಿ ಇರತದ. ಅವತ್ತು ಬಿಟ್ರ ಮದುವಿ ಮುಗಿಯೋತನಾ ಇದನ್ನ ಮುಟ್ಟಾಕ ಕೊಡಂಗಿಲ್ಲ."

ಅಮಾವಾಸ್ಯೆ ಬರುವ ಭಾನುವಾರ. ಒಂದೇ ದಿನ. ಅಂದರೆ ಎಲ್ಲವನ್ನೂ ಇಲ್ಲೇ ತಯಾರು ಮಾಡಿಕೊಂಡು ಹೋಗಬೇಕು.

ಏಪ್ರಿಲ್ 22, ಮಂಗಳವಾರ

ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಮುಟ್ಟುವಂತಿಲ್ಲ, ಮಿಲ್ಲಿನ ಲೆಕ್ಕ ಇದೆ. ವಿಂಡೋಸ್ ಬದಲು ನನ್ನ ಪೆನ್‌ಡ್ರೈವಿನಿಂದ ಲಿನಕ್ಸ್ ಏಳಿಸಬೇಕು. ಏಳುತ್ತದೆ, ಆದರೆ ಅದರ ತಿರುಳಾದ ಕರ್ನಲ್‌ನಲ್ಲಿ ಜಿಪ್ ಡ್ರೈವನ್ನು ಮಾತಾಡಿಸುವ ಡ್ರೈವರೇ ಇಲ್ಲ. ಯಾರಿಗೆ ಬೇಕು ಎಂದು ಬಿಟ್ಟಿರಬೇಕು. ಕರೆಮ್ಮನಿಗೆ ಬೇಕು!

ಕರ್ನಲ್‌ನ ಮೂಲ ಕೋಡ್ ತಂದು ಕೂತಿದ್ದೇನೆ. ಬೇಕಾದ ಡ್ರೈವರುಗಳಿಗೆ ಗುರುತು ಹಾಕಿ, ನಾನೇ ಕಟ್ಟಬೇಕು. ಮೊದಲು ಪೋರ್ಟಿನದು, ಅದರ ಮೇಲೆ ಡ್ರೈವಿನದು. ಡ್ರೈವಿನದರಲ್ಲಿ ಎರಡು ಜಾತಿ: ಮೊದಲ ಜಿಪ್‌ಗೆ ಪಿಪಿಎ, ನಂತರ ಬಂದದ್ದಕ್ಕೆ ಐಎಂಎಂ. ಗುಲ್ಷನ್‌ಬೀ ಕೊಟ್ಟದ್ದು ಯಾವುದೋ? ಮೈಮೇಲಿನ ಚೀಟಿ ಅಳಿಸಿದೆ. ಎರಡಕ್ಕೂ ಗುರುತು ಹಾಕಿದೆ. ಕಟ್ಟುವುದು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಅಂದು ಮಲಗಿತು. ಊರಿಗೆಲ್ಲ ಯುಪಿಎಸ್ ರಿಪೇರಿ ಮಾಡುವವಳ ಅಂಗಡಿಯ ಯುಪಿಎಸ್! ಮತ್ತೆ ಮೊದಲಿನಿಂದ.

ಕಾಯುತ್ತ ಡಿಸ್ಕಿನ ಲೋಹದ ಮುಚ್ಚಳ ಸರಿಸಿದೆ. ಒಳಗೂ ಭಂಡಾರ. ಕಂದು ತಟ್ಟೆಯ ಮೇಲೆ ಹಳದಿ ಧೂಳು. ಓದುವ ಹೆಡ್ ಇದಕ್ಕೆ ತಾಗಿದರೆ ಟಕ್ ಟಕ್ ಅನ್ನುತ್ತದೆ. ಆ ಸದ್ದು ಶುರುವಾದರೆ ಡಿಸ್ಕು ಡ್ರೈವನ್ನು ತಿನ್ನುತ್ತದೆ, ಡ್ರೈವು ಡಿಸ್ಕನ್ನು. ಇರುವುದು ಒಂದೊಂದೇ. ಉಸಿರು ಬಿಗಿಹಿಡಿದು, ಮೆತ್ತಗಿನ ಬ್ರಷ್‌ನಿಂದ ಕಣಕಣ ತೆಗೆದೆ. ಪೂರ್ತಿ ಹೋಯಿತೇ? ಗೊತ್ತಿಲ್ಲ. ಇಷ್ಟು ವರ್ಷ ಪೂಜೆ ಮಾಡಿ ಮಾಡಿ ಹಾಳು ಮಾಡಿದ್ದಾರೆ. ಬೈಯಬೇಕೆನಿಸಿತು. ಯಾರನ್ನು ಬೈಯಲಿ?

ಏಪ್ರಿಲ್ 25, ಶುಕ್ರವಾರ

ಕರ್ನಲ್ ತಯಾರು. ಮುದುಕಪ್ಪನಿಗೆ ಫೋನ್ ಮಾಡಿ ಭಾನುವಾರ ಅಂದೆ.

"ಅಮಾಸಿ ದಿನಾನಾ? ಬ್ಯಾಡ ಯವ್ವಾ. ಸತ್ತಾಕಿ ದನಿ ಅಮಾಸಿ ದಿನ ಎಬ್ಬಸಬಾರದು."

"ಹಂಗಾದ್ರ ಬಂದು ಡಿಸ್ಕ್ ಒಯ್ಯಿರಿ. ಮತ್ತ ಜಗಲಿ ಮ್ಯಾಲ ಇಟ್ಟು ಭಂಡಾರ ಹಚ್ಚರಿ."

ಫೋನ್ ಇಟ್ಟುಬಿಟ್ಟೆ. ನನ್ನ ನಾಲಿಗೆ ಯಾವಾಗಲೂ ಹೀಗೇ, ಎರಡು ಹೆಜ್ಜೆ ಮುಂದೆ. ಸ್ವಲ್ಪ ಹೊತ್ತಿಗೆ ಹೊಸ ನಂಬರಿನಿಂದ ಕಾಲ್. ನಂದಿನಿ. ಆಸ್ಪತ್ರೆಯಿಂದ ಮಾತಾಡುತ್ತಿದ್ದಳು, ಹಿಂದೆ ಯಾರೋ ಡ್ರಿಪ್ ಮುಗಿಯಿತು ಅಂತ ಕೂಗುತ್ತಿದ್ದರು.

"ಅಕ್ಕಾ, ನೀವು ಮಾಡ್ರಿ. ಅಪ್ಪಗ ನಾ ಹೇಳ್ತೀನಿ. ನಮ್ಮವ್ವ ಅಮಾಸಿಗೆ ಬಂದ್ರೂ ನನಗೇನ್ ಅಂಜಿಕಿ ಇಲ್ಲ."

ಆಮೇಲೆ ಕೆಲಸ ಮಾಡಲು ಆಗಲಿಲ್ಲ. ಬೇಗ ಬಾಗಿಲು ಹಾಕಿದೆ.

ಏಪ್ರಿಲ್ 27, ಭಾನುವಾರ. ಅಮಾವಾಸ್ಯೆ. ಕಾಟಾ ಕ್ಯಾಬಿನ್, ಬೆಳಿಗ್ಗೆ

ಮಿಲ್ಲಿನ ಅಂಗಳ ಖಾಲಿ. ಬಾಬುಸಾಬ್ ಪ್ರಿಂಟರ್ ಬಿಚ್ಚಿ ಪಕ್ಕಕ್ಕಿಟ್ಟರು. ಲಿನಕ್ಸ್ ಎದ್ದಿತು. ಡಿಸ್ಕ್ ಹಾಕದೆ ಬರೀ ಡ್ರೈವ್ ಹಚ್ಚಿದೆ. ಪಿಪಿಎ — ಏನೂ ಕಾಣಲಿಲ್ಲ. ಐಎಂಎಂ — ಇಲ್ಲ. ನೋಡಿದರೆ ಪ್ರಿಂಟರಿನ ಡ್ರೈವರ್ ಪೋರ್ಟನ್ನು ಮೊದಲೇ ಹಿಡಿದು ಕೂತಿದೆ. ಪ್ರಿಂಟರೇ ಇಲ್ಲದಿದ್ದರೂ! ಅದನ್ನು ಎಬ್ಬಿಸಿ ಕಳಿಸಿದೆ. ಮತ್ತೆ ಪಿಪಿಎ. ಇಲ್ಲ.

ಮಧ್ಯಾಹ್ನ

ಕಂಪ್ಯೂಟರ್ ಏಳುವ ಮುಂಚಿನ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಪೋರ್ಟ್ ಕೆಲಸ ಮಾಡುವ ರೀತಿ ಬದಲಿಸಿದೆ. ಪಿಪಿಎ, ಇಲ್ಲ. "ಊಟ ಮಾಡು, ಆಮ್ಯಾಲ ಹೊಡದಾಡು" ಎಂದು ಬಾಬುಸಾಬ್ ಡಬ್ಬಿ ಬಿಚ್ಚಿದರು. ರೊಟ್ಟಿ ಕೈಯಲ್ಲಿ ಹಿಡಿದೇ ಕೇಬಲ್ ನೋಡುತ್ತಿದ್ದೆ. ತುದಿಗೆ ಹಳೆಯ ಟೇಪ್ ಸುತ್ತಿದೆ. ಉಗುರಿನಿಂದ ಕೆರೆದೆ. ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಉಬ್ಬಿದ ಅಕ್ಷರ: ಆಟೋಡಿಟೆಕ್ಟ್. ಹಾಗೆ ಬರೆದಿದ್ದರೆ ನಂತರದ ಜಾತಿ, ಐಎಂಎಂ. ಎಷ್ಟು ಕತ್ತೆ ನಾನು! ಮೊದಲ ಸಲ ಐಎಂಎಂ ಹಾಕಿದಾಗ ಪೋರ್ಟ್ ಪ್ರಿಂಟರಿನ ಕೈಯಲ್ಲಿತ್ತು. ಆಮೇಲೆ ಅದನ್ನು ಹಾಕಿ ನೋಡಲೇ ಇಲ್ಲ.

ಹಾಕಿದೆ. ಡ್ರೈವ್ ಕಾಣಿಸಿತು.

ಡಿಸ್ಕ್ ಒಳಗಿಟ್ಟೆ. ತಿರುಗುವ ಸದ್ದು. ಹಾಡಿನ ಫೈಲ್ ಒಂದೇ. ನಕಲು ಶುರು. ನಡುವೆ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಬಾಬುಸಾಬ್ ಏನೋ ಗೊಣಗುತ್ತ ದುವಾ ಮಾಡುತ್ತಿದ್ದರು. ನಾನು ನಮ್ಮೂರ ದೇವರು ಅಮರೇಶ್ವರನಿಗೆ ಹರಕೆ ಹೊತ್ತೆ, ಹೊರುವವಳಲ್ಲ ನಾನು. ಓದಲಾಗದ ಜಾಗದಲ್ಲಿ ಸೊನ್ನೆ, ಅಂದರೆ ಬರೀ ನಿಶ್ಶಬ್ದ, ತುಂಬಿ ಮುಂದೆ ಹೋಗುವಂತೆ ಹೇಳಿದ್ದೆ. ನಕಲು ಮುಗಿಯಿತು.

ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಮೊಬೈಲಿಗೆ ಹಾಕಿ ಕೇಳಿದೆ. ಕ್ಯಾಬಿನ್ನಿನ ಕೂಲರ್ ಗದ್ದಲದ ನಡುವೆ ಹೆಂಗಸಿನ ದನಿ. ತೆಳು, ಚೂಪು, ಬಿಸಿಲಿನಂಥದ್ದು. ಒಂದು ಸಾಲು ಹಾಡಿದಳು. ಆಮೇಲೆ ಏನೂ ಇಲ್ಲ. ಮತ್ತೊಂದು ಸಾಲು. ಮತ್ತೆ ಏನೂ ಇಲ್ಲ. ಕೊನೆವರೆಗೂ ಹಾಗೇ. ಸಾಲು, ತೂತು, ಸಾಲು, ತೂತು. ಸೊನ್ನೆ ತುಂಬಿದ ಜಾಗ ಇಷ್ಟೊಂದು! ಅರ್ಧ ಹಾಡು ಭಂಡಾರಕ್ಕೆ ಹೋಗಿದೆ.

"ಸಿಕ್ಕಷ್ಟ ಸಾಕು, ಬಿಡು" ಅಂದರು ಬಾಬುಸಾಬ್. ಕೇಳಲಿಲ್ಲ. ಅರ್ಧ ಕೊಟ್ಟು ಕೈ ತೊಳೆದುಕೊಳ್ಳುವುದೇ? ಇನ್ನೊಮ್ಮೆ ಓದಿಸೋಣ, ಈ ಸಲ ನಿಧಾನ.

ಟಕ್. ಟಕ್. ಟಕ್ ಟಕ್ ಟಕ್... ಹೊರಗೆ ತೆಗೆಯುವಷ್ಟರಲ್ಲಿ ತಟ್ಟೆಯ ಅಂಚು ಹರಿದಿತ್ತು. ಡ್ರೈವ್ ಈಗ ಖಾಲಿ ಇದ್ದರೂ ಟಕ್ ಅನ್ನುತ್ತದೆ.

ಎರಡೂ ಹೋದವು. ನನ್ನ ಹಟಕ್ಕೆ.

ಏಪ್ರಿಲ್ 28, ಸೋಮವಾರ

ಮುದುಕಪ್ಪನಿಗೆ ಹೇಳಿದೆ. ಹಾಡು ಹರಿದಿದೆ, ನಡುನಡುವೆ ಇಲ್ಲ, ಡಿಸ್ಕ್ ಇನ್ನು ಓದುವುದಿಲ್ಲ. ಅಮಾವಾಸ್ಯೆಯ ಮಾತು ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು.

"ಎಷ್ಟು ಉಳದೈತೋ ಅಷ್ಟ ತೊಗೊಂಡು ಬಾ ಯವ್ವಾ. ನೀನ ಬಾ. ಅರಿಷಿಣಕ್ಕ."

ಗುಲ್ಷನ್‌ಬೀಗೆ ಇನ್ನೂ ಫೋನ್ ಮಾಡಿಲ್ಲ. ಯಾವ ಬಾಯಲ್ಲಿ ಹೇಳಲಿ. ಇವತ್ತು ಅಂಗಡಿ ತೆಗೆದದ್ದೇ ದಂಡ.

ಏಪ್ರಿಲ್ 29, ಮಂಗಳವಾರ. ಮಸ್ಕಿ, ಮುದುಕಪ್ಪನ ಮನೆಯ ಕಟ್ಟೆ

ಈಗಲೇ ಬರೆದಿಡಬೇಕು.

ಪೆನ್‌ಡ್ರೈವ್ ಕೊಟ್ಟು ಓಡಿಬರುವ ಲೆಕ್ಕ ಹಾಕಿ ಬಂದಿದ್ದೆ. ನಂದಿನಿ ಬಿಡಲಿಲ್ಲ. ಹಳದಿ ಸೀರೆ, ನೆಟ್ಟ ನೋಟ. ನನ್ನ ಕೈ ಹಿಡಿದು ಪಡಸಾಲೆಗೆ ಎಳೆದೊಯ್ದಳು. ಹೆಂಗಸರೆಲ್ಲ ಸುತ್ತ ಕೂತಿದ್ದರು. ಕರೆಮ್ಮನ ಅಕ್ಕ ಜೋಗಮ್ಮ ಒಂದು ಮೂಲೆಯಲ್ಲಿ ಅರಿಶಿಣ ಕಲಸುತ್ತಿದ್ದಳು. ಮುದುಕಪ್ಪ ಬಾಗಿಲಲ್ಲೇ ನಿಂತರು.

"ಅರ್ಧಾ ಐತ್ರಿ. ನಡುವ ನಿಂತು ನಿಂತು ಬರತೈತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಸ್ಪೀಕರ್ ಹಚ್ಚಿದೆ.

"ಹಸಿ ಅರಿಷಿಣ ತಂದು ಹೊಸ ಕಲ್ಲಿನ ಮ್ಯಾಲರದು..."

ನಂದಿನಿಯ ಮುಖ ನೋಡಲಾಗಲಿಲ್ಲ. ಆಮೇಲೆ ಆ ತೂತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸ್ಪೀಕರ್ ಆರಿಸಲು ಕೈ ಚಾಚಿದೆ.

"ಹಸಿ ಅರಿಷಿಣ ತಂದು ಹೊಸ ಕಲ್ಲಿನ ಮ್ಯಾಲರದು..."

ಮೂಲೆಯಿಂದ. ಜೋಗಮ್ಮ. ತಲೆ ಎತ್ತಿರಲಿಲ್ಲ, ಕಲಸುವ ಕೈ ನಿಲ್ಲಿಸಿರಲಿಲ್ಲ. ಅವಳು ಮುಗಿಸಿದ್ದೇ ತಡ, ಸ್ಪೀಕರಿನಲ್ಲಿ ಕರೆಮ್ಮ ಎರಡನೇ ಸಾಲು ಎತ್ತಿದಳು. ಸರಿಯಾಗಿ. ಒಂದು ಉಸಿರೂ ಆಚೀಚೆ ಇಲ್ಲ.

"ಅರ್ಧ ಯಾಕಾತು ಬೇ?" ಜೋಗಮ್ಮ ನನ್ನನ್ನು ಗದರಿದಳು. "ಮುಂದಿನಾಕಿ ಹಾಡಿ ಬಿಡ್ತಾಳ, ಹಿಂದಿನವ್ರು ಹಿಡೀಬೇಕು. ಹಿಂದಿನಾಕಿ ನಾನ ಅಲ್ಲೇನು? ಲಿಂಗಸೂರಿಗೆ ನನ್ನನ್ನ ಮುಂದಿನ ವಾರ ಕರದಿದ್ರು."

ಎರಡನೇ ತೂತಿಗೆ ಎಲ್ಲ ಹೆಂಗಸರೂ ಸೇರಿದರು. ಮೂರನೆಯದಕ್ಕೆ ನಂದಿನಿ. ಸಾಲು ಗೊತ್ತಿರಲಿಲ್ಲ ಅವಳಿಗೆ. ಅವ್ವ ಹೇಳಿಕೊಟ್ಟದ್ದನ್ನು ಕೇಳಿಸಿಕೊಂಡು ಹಾಗೇ ತಿರುಗಿ ಹಾಡಿದಳು. ಕೆನ್ನೆಗೆ ಅರಿಶಿಣ ಬೀಳುತ್ತಿತ್ತು, ಅದರ ಮೇಲೆ ಕಣ್ಣೀರು, ಹಾಡು ಮಾತ್ರ ಬಿಡಲಿಲ್ಲ. ಬಾಗಿಲಲ್ಲಿ ಮುದುಕಪ್ಪ ವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು. ನಾನೂ ಅತ್ತೆ. ಏನೀಗ.

ಈ ಕಟ್ಟೆಗೆ ಬಂದು ಮೊಬೈಲ್ ಕಿವಿಗೆ ಒತ್ತಿಕೊಂಡು ಮತ್ತೆ ಕೇಳಿದೆ. ಕೂಲರ್ ಇಲ್ಲ, ಗದ್ದಲ ಇಲ್ಲ. ಆ ತೂತುಗಳಲ್ಲಿ ಸಣ್ಣಗೆ ಬಳೆ ಸದ್ದು. ತೊಡೆಯ ಮೇಲೆ ತಾಳ ಹಾಕುತ್ತ ಕರೆಮ್ಮ ಕಾಯುತ್ತಿದ್ದಾಳೆ. ಡಿಸ್ಕಿನ ಕೆಟ್ಟ ಸೆಕ್ಟರಿನಲ್ಲಿ, ಸೊನ್ನೆ ತುಂಬಿದ ಜಾಗದಲ್ಲಿ, ಬಳೆ ಸದ್ದು ಬರುವುದಿಲ್ಲ. ಆ ಎರಡು ಟಕ್ ಎಲ್ಲಿ ನುಂಗಿವೆಯೋ ಹುಡುಕಿದರೂ ಸಿಗುತ್ತಿಲ್ಲ. ಹಾಡು ಪೂರ್ತಿಯೇ ಇತ್ತು. ಪೂರ್ತಿ ಇದ್ದದ್ದನ್ನು ಅರ್ಧ ಎಂದುಕೊಂಡು ಡಿಸ್ಕ್ ಕೊಂದೆ. ಗುಲ್ಷನ್‌ಬೀಗೆ ಇವತ್ತೇ ಹೇಳಬೇಕು, ಹಿಂದಿನ ಹೆಣ್ಣುಮಕ್ಕಳದು ಇವತ್ತು ಆಯಿತು ಅಂತಲೂ.

ಒಳಗಿನಿಂದ ಜೋಗಮ್ಮನ ಕೂಗು. "ಏ ಅಮರೇಶ್ವರೀ, ಬರದದ್ದು ಸಾಕು ಬಾ, ಮತ್ತೊಮ್ಮೆ ಹಚ್ಚು! ಅಕಿ ಅಲ್ಲಿ ಕಾಯಾಕತ್ತಾಳ, ಈ ಸಲ ನೀನೂ—"